ಬಿಸಿನೀರಿನ ಗುಂಡಿ ಮತ್ತು ಕೌಟುಂಬಿಕ ಕಾರಣ

ನನ್ನದೊಂದು ಚಾಳಿ ಇದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮನೆಯವರಿಗೆ ಹೇಳಲು ಕಷ್ಟವಾದ ಸುದ್ದಿ ಏನಾದರೂ ಇದ್ದರೆ ನಾನು ಅವರನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತೇನೆ. ಮನೆಯ ನಾಲ್ಕು ಗೋಡೆಗಳ ನಡುವೆ ಹೇಳಿದರೆ ಆ ಸುದ್ದಿ ಅಲ್ಲೇ ಉಳಿದು, ಊಟಕ್ಕೆ ಕೂತಾಗಲೂ ಮಲಗಲು ಹೋದಾಗಲೂ ಎದುರಾಗುತ್ತದೆ. ಬಯಲಲ್ಲಿ ಹೇಳಿದರೆ ಗಾಳಿಗೆ ಅರ್ಧವಾದರೂ ಹಾರಿಹೋದೀತು ಎಂಬುದು ನನ್ನ ಲೆಕ್ಕಾಚಾರ.

ನಾನು ಬ್ಯಾಂಕಿನವನು. ಬ್ಯಾಂಕಿನವರ ಮನೆಯಲ್ಲಿ ಹೇಳಲು ಕಷ್ಟವಾದ ಸುದ್ದಿ ಎಂದರೆ ಒಂದೇ, ವರ್ಗಾವಣೆ. ಬಿಜಾಪುರದಿಂದ ಶ್ರೀಕಾಕುಳಕ್ಕೆ ಹಾಕಿದಾಗ ಹೆಂಡತಿ ಗಿರಿಜಾಳನ್ನೂ ಏಳು ವರ್ಷದ ಮಗಳು ಸೌಮ್ಯಳನ್ನೂ ಆಲಮಟ್ಟಿ ಅಣೆಕಟ್ಟೆಯ ಉದ್ಯಾನಕ್ಕೆ ಕರೆದೊಯ್ದು, ಗಿರಿಜಾ ಮಿರ್ಚಿ ಭಜಿ ಬಾಯಿಗಿಟ್ಟುಕೊಂಡ ಸಮಯ ನೋಡಿ ಹೇಳಿದೆ. ಬಾಯಿ ತುಂಬಿದ್ದರಿಂದ ಅವಳಿಗೆ ತಕ್ಷಣ ಏನೂ ಹೇಳಲಾಗಲಿಲ್ಲ. ಶ್ರೀಕಾಕುಳದಿಂದ ವಿಶಾಖಪಟ್ಟಣಕ್ಕೆ ಬಂದಾಗ ಕಳಿಂಗಪಟ್ಟಣದ ಸಮುದ್ರ ದಂಡೆ. ಮೂರು ವರ್ಷದ ಹಿಂದೆ ನನ್ನೊಬ್ಬನನ್ನೇ ವಿಜಯವಾಡಕ್ಕೆ ಎತ್ತಿ ಹಾಕಿದಾಗ ಭೀಮುನಿಪಟ್ಟಣದ ಹತ್ತಿರದ ಕೆಂಪು ಮಣ್ಣಿನ ದಿಬ್ಬಗಳು. ಆ ದಿಬ್ಬಗಳ ನಡುವೆ ನಿಂತು ನಾನು ಗಂಟಲು ಸರಿಮಾಡಿಕೊಂಡಾಗ, ಆಗಿನ್ನೂ ಒಂಬತ್ತನೇ ತರಗತಿಯಲ್ಲಿದ್ದ ಸೌಮ್ಯ ಚಪ್ಪಲಿಯ ಮರಳು ಕೊಡವುತ್ತಾ, "ಯಾವೂರು ಅಪ್ಪಾ?" ಎಂದು ತಾನೇ ಕೇಳಿದ್ದಳು. ಹೀಗಾಗಿ ನಮ್ಮ ಮನೆಯಲ್ಲಿ ಪಿಕ್ನಿಕ್ ಎಂದರೆ ಯಾರೂ ಕುಣಿದಾಡುವುದಿಲ್ಲ. ಸಾಮಾನು ಕಟ್ಟುವ ರಟ್ಟಿನ ಡಬ್ಬಿಗಳು ಅಟ್ಟದ ಮೇಲೆ ಇವೆಯೋ ಇಲ್ಲವೋ ಎಂದು ನೋಡಿಕೊಳ್ಳುತ್ತಾರೆ.

ಕಳೆದ ಏಪ್ರಿಲ್‌ನಲ್ಲಿ ನಾನು ಜ್ವಾಲಾಮುಖಿ ಮತ್ತು ಬಿಸಿನೀರಿನ ಬುಗ್ಗೆ ನೋಡಲು ಹೋಗೋಣ ಎಂದದ್ದು ಈ ಹಿನ್ನೆಲೆಯಲ್ಲಿ.

ಆಗ ನಮ್ಮ ಸಂಸಾರ ಎರಡು ಊರುಗಳಲ್ಲಿ ಹಂಚಿಹೋಗಿತ್ತು. ಗಿರಿಜಾ ಮತ್ತು ಸೌಮ್ಯ ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಅಪಾರ್ಟ್‌ಮೆಂಟಿನಲ್ಲಿ, ನಾನು ವಿಜಯವಾಡದ ಆಟೋನಗರ್ ಪಕ್ಕದ ಒಂದು ಮಹಡಿ ಕೋಣೆಯಲ್ಲಿ. ಬೆಳಗಾದರೆ ಲಾರಿಯ ಮೈಗೆ ಸುತ್ತಿಗೆಯಿಂದ ಬಡಿಯುವ ಸದ್ದೇ ನನಗೆ ಅಲಾರಂ. ಎರಡು ವಾರಕ್ಕೊಮ್ಮೆ ಶನಿವಾರ ರೈಲು ಹತ್ತಿ ಮನೆಗೆ ಹೋಗುತ್ತಿದ್ದೆ. ಸೌಮ್ಯ ಇಂಟರ್, ಅಂದರೆ ನಮ್ಮ ಕಡೆಯ ಪಿಯುಸಿ, ಮೊದಲ ವರ್ಷದ ಪರೀಕ್ಷೆ ಮುಗಿಸಿದ್ದಳು. ಗಿರಿಜಾ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಳು. ಅದೇನು ದೊಡ್ಡ ವಿಷಯ ಎನ್ನಬೇಡಿ. ಅವಳು ಬಿಜಾಪುರದಲ್ಲಿ ಒಂದು ಶಾಲೆಯಲ್ಲಿ ಟೀಚರಾಗಿದ್ದಳು, ನನ್ನ ವರ್ಗಾವಣೆಗೆ ಅದನ್ನು ಬಿಟ್ಟಳು. ಶ್ರೀಕಾಕುಳದಲ್ಲಿ ಇನ್ನೊಂದು ಶಾಲೆ ಹಿಡಿದಳು, ಅದನ್ನೂ ಬಿಟ್ಟಳು. ವಿಶಾಖಪಟ್ಟಣದಲ್ಲಿ ಯಾರ ಬಾಗಿಲಿಗೂ ಹೋಗದೆ, ಮೇಲಿನ ಮನೆಯ ನೌಕಾದಳದವರ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಶುರುಮಾಡಿದಳು. ಅವರೂ ಕನ್ನಡದವರು, ಕಾರವಾರದ ಕಡೆಯವರು. ಐದು ವರ್ಷದಲ್ಲಿ ಎರಡು ಬ್ಯಾಚು ತುಂಬಿ, ಪಡಸಾಲೆಯಲ್ಲಿ ಚಪ್ಪಲಿ ಬಿಡಲು ಜಾಗವಿಲ್ಲದಂತಾಗಿತ್ತು. ಬೀಜಗಣಿತವನ್ನು ತೆಲುಗಿನಲ್ಲಿ ಬೈದು ಕಲಿಸುವಷ್ಟು ತೆಲುಗು ಅವಳಿಗೆ ಬಂದಿತ್ತು.

ಇತ್ತ ನಾನು ಏನು ಮಾಡುತ್ತಿದ್ದೆ ಎಂದರೆ, ಪ್ರತಿವರ್ಷ ಒಂದು ಅರ್ಜಿ ಹಾಕುತ್ತಿದ್ದೆ. ದೂರದ ಊರಿಗೆ ಹೋದ ಬ್ಯಾಂಕಿನವರೆಲ್ಲ ವರ್ಷಕ್ಕೊಮ್ಮೆ ತಂತಮ್ಮ ಊರಿಗೆ ವರ್ಗ ಕೇಳಿ ಅರ್ಜಿ ಹಾಕುತ್ತಾರೆ. ಸಿಗುತ್ತದೆ ಎಂಬ ನಂಬಿಕೆಯಿಂದಲ್ಲ. ದೇವಸ್ಥಾನದ ಮುಂದೆ ಹಾದುಹೋಗುವಾಗ ಕೈ ತಾನಾಗಿ ಎದೆಗೆ ಹೋಗುತ್ತದಲ್ಲ, ಹಾಗೆ. ಬೇಕಾದ ಊರು ಎಂಬಲ್ಲಿ ಬಿಜಾಪುರ. ಈಗ ವಿಜಯಪುರ ಎನ್ನಬೇಕು, ಅರ್ಜಿಯಲ್ಲಿ ಹಾಗೆಯೇ ಬರೆಯುತ್ತಿದ್ದೆ. ಕಾರಣ ಎಂಬಲ್ಲಿ 'ಕೌಟುಂಬಿಕ'. ಒಂಬತ್ತು ವರ್ಷ ಒಂಬತ್ತು ಅರ್ಜಿ. ಕೊನೆಕೊನೆಗೆ ಹಿಂದಿನ ವರ್ಷದ್ದನ್ನೇ ತೆಗೆದು ತಾರೀಖು ಬದಲಾಯಿಸಿ ಕಳಿಸುತ್ತಿದ್ದೆ. ಮನೆಯಲ್ಲಿ ಹೇಳಿರಲಿಲ್ಲ. ಸಿಗದ ವಸ್ತುವಿನ ಬಗ್ಗೆ ಏನು ಹೇಳುವುದು?

ಒಂಬತ್ತನೆಯ ವರ್ಷ ಅದು ಸಿಕ್ಕಿಬಿಟ್ಟಿತು. ಏಳು ದಿನದೊಳಗೆ ಒಪ್ಪಿಗೆ ಇದೆಯೋ ಇಲ್ಲವೋ ತಿಳಿಸಬೇಕು ಎಂದು ಕಂಪ್ಯೂಟರಿನ ಪರದೆಯಲ್ಲಿ ಎರಡು ಬಟನ್ನುಗಳು ಕೂತಿದ್ದವು. ನಾನು ಅವನ್ನು ನೋಡುತ್ತಾ ಕೂತೆ. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಕೌಂಟರಿನಲ್ಲಿ ನಿಂತವರಿಗೆ ನನ್ನ ಭಾಷೆಯಲ್ಲಿ ಗದರಬಹುದು. ಮಧ್ಯಾಹ್ನ ಬಿಸಿ ರೊಟ್ಟಿ. ಹೊರಗೆ ಕಾಲಿಟ್ಟರೆ ಯಾರಾದರೂ "ಏನೋ ಶಿವಾನಂದಾ" ಎಂದು ಏಕವಚನದಲ್ಲಿ ಕರೆಯುತ್ತಾರೆ. ಒಂಬತ್ತು ವರ್ಷದಿಂದ ನನ್ನನ್ನು ಯಾರೂ ಏಕವಚನದಲ್ಲಿ ಕರೆದಿಲ್ಲ, ಎಲ್ಲರೂ 'ಮ್ಯಾನೇಜರುಗಾರು'. ಆಮೇಲೆ ಪಡಸಾಲೆಯಲ್ಲಿ ಬಿಟ್ಟ ಆ ಚಪ್ಪಲಿಗಳು ನೆನಪಾದವು. ಗಿರಿಜಾ ಮೂರನೆಯ ಸಲ ಎಲ್ಲ ಬಿಟ್ಟು ಎದ್ದು ಬರಬೇಕು. ಸೌಮ್ಯ ಇಂಟರನ್ನು ನಡುವೆ ಕೈಬಿಟ್ಟು, ಬೇರೆ ರಾಜ್ಯದ ಬೇರೆ ಪುಸ್ತಕ ಹಿಡಿಯಬೇಕು. ಅಂದಮೇಲೆ ಒಂದು ಪ್ರವಾಸ ಅನಿವಾರ್ಯ ಎಂದು ನಿರ್ಧರಿಸಿದೆ.

ಜಾಗ ಆರಿಸಿದ್ದು ಸೌಮ್ಯಳ ಕಾರಣದಿಂದ. ಅವಳಿಗೆ ಕಲ್ಲಿನ ಹುಚ್ಚು. ಸಮುದ್ರ ದಂಡೆಯಿಂದ, ಬೆಟ್ಟದಿಂದ, ಒಮ್ಮೆ ನೆಂಟರ ಮದುವೆಯ ಚಪ್ಪರದಿಂದಲೂ ಕಲ್ಲು ತಂದವಳು ಅವಳು. ವಿಶಾಖಪಟ್ಟಣಕ್ಕೂ ವಿಜಯವಾಡಕ್ಕೂ ನಡುವೆ, ರಾಜಮಹೇಂದ್ರಿಯ ಆಚೀಚೆ, ಹಳೆಯ ಲಾವಾ ಗಟ್ಟಿಯಾಗಿ ಆದ ಕಲ್ಲಿದೆ ಎಂದು ಬಹಳ ದಿನದಿಂದ ಹೇಳುತ್ತಿದ್ದಳು. ಭದ್ರಾಚಲದ ಹತ್ತಿರ ಗುಂಡಾಲ ಎಂಬ ಹಳ್ಳಿಯಲ್ಲಿ ಗೋದಾವರಿಯ ಮರಳು ತೋಡಿದರೆ ಬಿಸಿನೀರು ಬರುತ್ತದೆ ಎಂದು ನನಗೆ ಗೊತ್ತಿತ್ತು. ಎರಡನ್ನೂ ಸೇರಿಸಿ 'ಜ್ವಾಲಾಮುಖಿ ಪ್ರವಾಸ' ಎಂದು ನಾನೇ ಹೆಸರಿಟ್ಟೆ.

ವಿಜಯವಾಡದ ಏಪ್ರಿಲ್ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಚಹಾಪುಡಿ ಹಾಕುವುದೊಂದೇ ಬಾಕಿ. ಸ್ನಾನದ ನೀರನ್ನು ಬೆಳಿಗ್ಗೆಯೇ ಬಕೆಟ್ಟಿನಲ್ಲಿ ಹಿಡಿದು ಸಂಜೆಯವರೆಗೆ ಆರಲು ಇಡಬೇಕು. ಇಂಥ ಊರಿನಿಂದ ಬಿಸಿನೀರು ನೋಡಲು ನೂರೆಂಬತ್ತು ಕಿಲೋಮೀಟರು ಹೊರಟಿದ್ದೇನೆ ಎಂದು ಬ್ಯಾಂಕಿನಲ್ಲಿ ಹೇಳಿದಾಗ ನಮ್ಮ ಕ್ಯಾಷಿಯರ್ ನೋಟು ಎಣಿಸುವುದನ್ನು ನಿಲ್ಲಿಸಿ, "ಮೀ ಟ್ಯಾಂಕು ನೀಳ್ಳು ಚಾಲವಾ ಸಾರ್?" ಎಂದ. ನಿಮ್ಮ ಟ್ಯಾಂಕಿನ ನೀರು ಸಾಲದೇ ಎಂದು ಅವನ ಪ್ರಶ್ನೆ.

ಗಿರಿಜಾಳಿಗೆ ಫೋನಿನಲ್ಲಿ ಹೇಳಿದಾಗ ಅವಳೂ ಇದನ್ನೇ ಕೇಳುತ್ತಾಳೆಂದು ಉತ್ತರ ಸಿದ್ಧಮಾಡಿಕೊಂಡಿದ್ದೆ. ಅವಳು ಏನೂ ಕೇಳಲಿಲ್ಲ. ಶನಿವಾರ ಸಂಜೆಯ ಹೊತ್ತಿಗೆ ಬರುತ್ತೇವೆ, ಬುತ್ತಿ ಕಟ್ಟಿಕೊಂಡು ಬರುತ್ತೇನೆ ಎಂದಳು. ಅಷ್ಟು ಸುಲಭವಾಗಿ ಒಪ್ಪಿದ್ದು ನೋಡಿ ನನಗೇ ಭಯವಾಯಿತು.

ಭಾನುವಾರ ನಸುಕಿನಲ್ಲೇ ಹೊರಟೆವು. ಕಾರು ಓಡಿಸುತ್ತಿದ್ದವನು ಸತ್ತಿಬಾಬು, ಆಟೋನಗರದವನೇ, ಗೋದಾವರಿ ಕಡೆಯವನು. ಹಿಂದೆ ಹತ್ತು ವರ್ಷ ಖಡಿ ತುಂಬಿದ ಲಾರಿ ಓಡಿಸಿದವನಾದ್ದರಿಂದ ಕಲ್ಲಿನ ಕ್ವಾರಿಗಳೆಲ್ಲ ಅವನಿಗೆ ಪರಿಚಯ. ನಾವು ಹೋಗುವ ಜಾಗ ಕೇಳಿ ಅವನಿಗೆ ಆಶ್ಚರ್ಯ. ಅಲ್ಲಿಗೆ ಜನ ಕಲ್ಲು ತರಲು ಹೋಗುತ್ತಾರೆ, ನೋಡಲು ಹೋದವರನ್ನು ತಾನು ಕಂಡಿಲ್ಲ ಎಂದ. ಏಲೂರು ದಾಟಿ, ಹೊಗೆಸೊಪ್ಪು ಒಣಗಿಸುವ ಗೂಡುಗಳ ಊರುಗಳನ್ನು ದಾಟಿ, ದೇವರಪಲ್ಲಿಯ ಹತ್ತಿರ ಹೆದ್ದಾರಿ ಬಿಟ್ಟಾಗ ಬಿಸಿಲು ಆಗಲೇ ಏರಿತ್ತು.

ಜ್ವಾಲಾಮುಖಿ ಎಂದರೆ ನನ್ನ ತಲೆಯಲ್ಲಿ ಇದ್ದದ್ದು ಕ್ಯಾಲೆಂಡರಿನ ಚಿತ್ರ. ಚೂಪಾದ ಬೆಟ್ಟ, ಮೇಲೊಂದು ಬಾಯಿ, ಬಾಯಿಯಲ್ಲಿ ಸ್ವಲ್ಪ ಹೊಗೆ. ಇಲ್ಲಿ ಬೆಟ್ಟ ಮೇಲಕ್ಕಿರಲಿಲ್ಲ, ಕೆಳಕ್ಕಿತ್ತು. ನೆಲವನ್ನು ಹತ್ತಾಳು ಆಳಕ್ಕೆ ಕಡಿದು ತೆಗೆದಿದ್ದರು. ತಳದಲ್ಲಿ ಹಸಿರು ನೀರು ನಿಂತಿತ್ತು. ಖಡಿ ಮಷೀನುಗಳು ಭಾನುವಾರದ ರಜೆಯಲ್ಲಿದ್ದವು. ಸುತ್ತಲಿನ ಗಿಡಗಳ ಮೇಲೆಲ್ಲ ಹಿಟ್ಟಿನಂಥ ಬೂದು ಧೂಳು. ಸತ್ತಿಬಾಬು ಕಾವಲಿನವನನ್ನು ಮಾತಾಡಿಸಿ, ಅಂಚಿನಿಂದ ನೋಡಲು ಅಡ್ಡಿಯಿಲ್ಲ, ಕೆಳಗೆ ಇಳಿಯಬೇಡಿ ಎಂದು ತಿಳಿಸಿದ.

ನಾನು ಅಂಚಿನಲ್ಲಿ ನಿಂತು ನೋಡಿದೆ. ಎದುರಿನ ಗೋಡೆ ತಳದಿಂದ ಮೇಲಿನವರೆಗೆ ಕಪ್ಪು. ಬರೀ ಕಪ್ಪಲ್ಲ, ಒದ್ದೆಯಾದಾಗ ನೀಲಿಗೆ ತಿರುಗುವ ಕಪ್ಪು. ಈ ಕಪ್ಪು ನನಗೆ ಗೊತ್ತು. ನಮ್ಮೂರ ಬಾವಿಯ ಒಳಗೋಡೆ ಇದೇ, ಗೋಳಗುಮ್ಮಟದ ಗೋಡೆ ಇದೇ, ನಮ್ಮವ್ವ ಜೋಳ ಬೀಸುತ್ತಿದ್ದ ಕಲ್ಲೂ ಇದೇ. ಆ ಕಲ್ಲು ಸವೆದು ಪುಡಿಯಾದರೆ ನಮ್ಮ ಎರೆಮಣ್ಣು. ಮಳೆಗಾಲದಲ್ಲಿ ಚಪ್ಪಲಿಗೆ ಮೆತ್ತಿಕೊಂಡು ಕಾಲನ್ನು ಎರಡು ಸೇರು ಭಾರ ಮಾಡುವ ಆ ಮಣ್ಣು. ಒಂಬತ್ತು ವರ್ಷ ತೆಂಗು, ಭತ್ತ, ಸಮುದ್ರ ನೋಡಿದ ಕಣ್ಣಿಗೆ ಇದ್ದಕ್ಕಿದ್ದಂತೆ ಊರಿನ ಗೋಡೆ ಕಂಡರೆ ಏನಾಗಬೇಕೋ ಅದು ಆಯಿತು. ಬೂದು ಧೂಳಿನ ನೆಪ ಮಾಡಿ ಕಣ್ಣು ಒರೆಸಿಕೊಂಡೆ.

"ಇದು ನಮ್ಮ ಕಲ್ಲು," ಎಂದೆ.

"ಹೌದಪ್ಪಾ, ಖರೇನ ನಮ್ಮ ಕಲ್ಲ," ಎಂದಳು ಸೌಮ್ಯ. "ಇದು ಇಲ್ಲೀದಲ್ಲ. ನಮ್ಮ ಕಡಿಯಿಂದ ಹರಕೊಂತ ಬಂದದ್ದು."

ಅವಳು ವಿವರಿಸಿದಳು. ನಾನು ನನ್ನ ಮಾತಿನಲ್ಲಿ ಹೇಳುತ್ತೇನೆ, ತಪ್ಪಿದ್ದರೆ ನನ್ನದು. ಆರು ಕೋಟಿ ವರ್ಷಗಳಿಗೂ ಹಿಂದೆ ಪಶ್ಚಿಮದ ಕಡೆ ನೆಲ ಬಿರಿದು ಲಾವಾ ಉಕ್ಕಿತು. ಬೆಟ್ಟದ ಬಾಯಿಂದ ಚಿಮ್ಮಿದ್ದಲ್ಲ, ಹಾಲು ಉಕ್ಕಿದಂತೆ ಉಕ್ಕಿ ಹರಡಿದ್ದು. ಅದರ ಮೇಲೆಯೇ ನಮ್ಮ ಬಿಜಾಪುರ, ಸೊಲ್ಲಾಪುರ ಎಲ್ಲ ಕೂತಿರುವುದು. ಅದರಲ್ಲಿ ಒಂದಿಷ್ಟು ಹಳೆಯ ನದಿಯ ಪಾತ್ರ ಹಿಡಿದು ಪೂರ್ವಕ್ಕೆ ಹರಿಯುತ್ತಾ ಹರಿಯುತ್ತಾ ಸಾವಿರ ಕಿಲೋಮೀಟರು ಬಂದು, ಸಮುದ್ರ ಸಿಕ್ಕಿದಾಗ ಇಲ್ಲಿ ನಿಂತಿತಂತೆ. ಬಲ್ಲವರು ಹಾಗೆ ಊಹಿಸುತ್ತಾರೆ.

ನಾನು ಅದನ್ನು ಕೇಳುತ್ತಾ, ನಮಗಿಂತ ಆರು ಕೋಟಿ ವರ್ಷ ಮೊದಲೇ ಬಿಜಾಪುರದ ಕಡೆಯಿಂದ ಆಂಧ್ರದ ಕರಾವಳಿಗೆ ವರ್ಗವಾಗಿ ಬಂದವರು ಇದ್ದರು ಎಂದುಕೊಂಡೆ. ಹೇಳಬೇಕಾದದ್ದನ್ನು ಹೇಳಲು ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗದು. ಕಲ್ಲಿಗೇ ಊರಿನ ನೆನಪು ಇರುವಾಗ ಮನುಷ್ಯರಿಗೆ ಇರುವುದಿಲ್ಲವೇ, ಎಂದು ಆರಂಭಿಸಿ, ಮೆಲ್ಲಗೆ ಆದೇಶಕ್ಕೆ ಬರಬಹುದು. ಗಂಟಲು ಸರಿಮಾಡಿಕೊಂಡೆ. ಗಿರಿಜಾ ನನ್ನ ಕಡೆ ನೋಡಿದಳು. ಅಷ್ಟರಲ್ಲಿ ಸೌಮ್ಯ ಕೈ ಚಾಚಿ ಗೋಡೆಯ ನಡುವಿನ ಒಂದು ಬಿಳಿಚಿದ ಪಟ್ಟೆ ತೋರಿಸಿದಳು.

"ಅದು ಸುಣ್ಣದ ಕಲ್ಲು ಇರಬೇಕು. ಒಂದು ಲಾವಾ ಬಂದಮ್ಯಾಲೆ ಭಾಳ ವರ್ಷ ಬಿಟ್ಟು ಇನ್ನೊಂದು ಬಂತು. ನಡುವ ಅದರ ಮ್ಯಾಲೆ ಸಮುದ್ರ ಬಂದು ಗವ್ವಲು ಎಲ್ಲಾ ಬೆಳೆದಿದ್ವು."

ಗವ್ವಲು ಎಂದರೆ ತೆಲುಗಿನಲ್ಲಿ ಕವಡೆ, ಚಿಪ್ಪು. ಅದಕ್ಕೆ ಕನ್ನಡ ಅವಳಿಗೆ ಸಿಗಲಿಲ್ಲ. ಬಿಜಾಪುರದವನಾದ ನನಗೂ ಸಮುದ್ರದ ಸಾಮಾನುಗಳ ಹೆಸರು ಅಷ್ಟಾಗಿ ಬಾರದು. ನನಗೆ ಚುಚ್ಚಿದ್ದು ಬೇರೆ. ನನ್ನ ಪರವಾಗಿ ಸಾಕ್ಷಿ ಹೇಳಲು ಕರೆದ ಕಲ್ಲು ಎದುರು ಪಕ್ಷಕ್ಕೆ ಹೋಗಿಬಿಟ್ಟಿತ್ತು. ಬಂದ ಕಲ್ಲು ತಿರುಗಿ ಹೋಗಿರಲಿಲ್ಲ. ಅದರ ಮೇಲೆ ಇಲ್ಲಿಯ ಸಮುದ್ರ ಬಂದು, ಇಲ್ಲಿಯ ಜೀವಗಳು ಮನೆ ಮಾಡಿದ್ದವು. ನಾನು ನೀರು ಕುಡಿದೆ. ದಾರಿಯ ಬದಿಯಲ್ಲಿ ಬಿದ್ದಿದ್ದ ಒಂದು ಕರಿಕಲ್ಲಿನ ಚೂರನ್ನು ಸೌಮ್ಯ ನನ್ನ ಕೈಗೆ ಕೊಟ್ಟಳು. ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡದ್ದರಿಂದ ದಿನವಿಡೀ ಜೇಬು ಒಂದು ಕಡೆ ಜೋತುಬಿದ್ದಿತ್ತು.

ಅಲ್ಲಿಂದ ಗುಂಡಾಲಕ್ಕೆ ಮೂರು ತಾಸಿಗೂ ಹೆಚ್ಚು ದಾರಿ. ತಾಳೆ ಎಣ್ಣೆಯ ತೋಟಗಳು, ಗೋಡಂಬಿ ಮರಗಳು, ಆಮೇಲೆ ಕಾಡು. ನಡುವೆ ತೆಲಂಗಾಣದೊಳಗೆ ಹೊಕ್ಕೆವು. ಹಾಗಾದರೆ ಬುಗ್ಗೆ ತೆಲಂಗಾಣದಲ್ಲಿದೆಯೇ ಎಂದು ಕೇಳಿದರೆ ಸತ್ತಿಬಾಬು, ಇಲ್ಲ, ಭದ್ರಾಚಲ ಅವರದು, ಅದನ್ನು ದಾಟಿದರೆ ಗುಂಡಾಲ ಮತ್ತೆ ಆಂಧ್ರದ್ದು, ರಾಜ್ಯ ಒಡೆದಾಗ ಆ ಹಳ್ಳಿಯನ್ನು ಈ ಕಡೆ ಹಾಕಿದರು ಎಂದ. ಅಂದರೆ ಊರಿಗೆ ಊರೇ ವರ್ಗವಾಗಿತ್ತು, ಕೂತ ಜಾಗದಿಂದ ಒಂದು ಅಡಿ ಅಲುಗದೆ. ಇಂಥ ಸೌಲಭ್ಯ ನಮ್ಮ ಬ್ಯಾಂಕಿನಲ್ಲಿಲ್ಲ.

ನಾವು ತಲುಪಿದಾಗ ನಡುಮಧ್ಯಾಹ್ನ. ಗೋದಾವರಿ ಬೇಸಿಗೆಯ ಗೋದಾವರಿ, ಪಾತ್ರದ ಬಹುಪಾಲು ಮರಳು, ನೀರು ಎಲ್ಲೋ ಆಚೆ. ಮರಳಿನ ಮೇಲೆ ಕಾಲಿಟ್ಟರೆ ಹಂಚಿನ ಮೇಲೆ ಇಟ್ಟಂತೆ. ಬುಗ್ಗೆ ನೋಡಲು ಬಂದ ಬುದ್ಧಿವಂತರು ಆ ಹೊತ್ತಿನಲ್ಲಿ ನಾವು ಮಾತ್ರ. ಒಬ್ಬ ಮುದುಕಿ ಹರಿದ ಛತ್ರಿಯ ನೆರಳಲ್ಲಿ ಕೂತಿದ್ದಳು. ಗುಂಡಿ ತೋಡಿಕೊಡುವುದು ಅವಳ ಕೆಲಸ. ನಾನು ಬಿಸಿಲಿಗೆ ಹೆದರಿ, ಪಕ್ಕದಲ್ಲೇ ಮೊದಲೇ ತೋಡಿಟ್ಟ ಒಂದು ಗುಂಡಿ ಕಂಡು, ಅದೇ ಸಾಕು ಎಂದು ಅದರಲ್ಲಿ ಕೈ ಇಟ್ಟೆ. ಮರಳು ಕುಸಿದು ಅರ್ಧ ಮುಚ್ಚಿತ್ತು. ಉಳಿದ ನೀರಿನ ಮೇಲೆ ಪಾಚಿಯಂಥ ಕೆನೆ. ಮುದುಕಿ ನಕ್ಕು, "ನಿನ್ನಟಿ ಗುಂಟ ಇವ್ವಾಳ ಪನಿಕಿ ರಾದು ಬಾಬು," ಎಂದಳು. ನಿನ್ನೆಯ ಗುಂಡಿ ಇವತ್ತು ಕೆಲಸಕ್ಕೆ ಬರುವುದಿಲ್ಲ. ಬಂದವರಿಗೆಲ್ಲ ಹೊಸದಾಗಿಯೇ ತೋಡಬೇಕಂತೆ.

ಅವಳು ಒಂದು ಸ್ಟೀಲ್ ಬಟ್ಟಲಿನಿಂದ ಮರಳು ಎತ್ತಿ ಎತ್ತಿ ಹಾಕಿದಳು. ಮೊದಲು ಒಣ ಮರಳು, ಆಮೇಲೆ ಒದ್ದೆ ಮರಳು, ಆಮೇಲೆ ತಳದಿಂದ ಮೆಲ್ಲಗೆ ಜಿನುಗಿದ ನೀರು. ಬೆರಳಿಟ್ಟ ನಾನು ಸರಕ್ಕನೆ ತೆಗೆದೆ. ಟ್ಯಾಂಕಿನ ನೀರಿಗೂ ಇದಕ್ಕೂ ಹೋಲಿಕೆಯೇ ಇಲ್ಲ, ಕ್ಯಾಷಿಯರಿಗೆ ಹೇಳಬೇಕು ಎಂದುಕೊಂಡೆ. ಮುದುಕಿ ನದಿಯ ತಣ್ಣೀರನ್ನು ಮಗ್ಗಿನಲ್ಲಿ ತಂದು ಬೆರೆಸಿ ಹದ ಮಾಡಿದಳು.

ನಾನು ಸೌಮ್ಯಳಿಗೆ, ನೋಡು, ಕೆಳಗೆ ಜ್ವಾಲಾಮುಖಿ ಇನ್ನೂ ಜೀವಂತ ಇದೆ ಎಂದೆ.

"ಕಾದಪ್ಪಾ," ಎಂದಳು. ಅಲ್ಲ ಎನ್ನಲು ಅವಳಿಗೆ ಮೊದಲು ಬರುವುದು ತೆಲುಗಿನ ಕಾದು. ಮಳೆಯ ನೀರು ಬಿರುಕಿನಲ್ಲಿ ಇಳಿದು ತುಂಬ ಆಳಕ್ಕೆ ಹೋಗುತ್ತದೆ, ಅಲ್ಲಿ ನೆಲವೇ ಬಿಸಿ, ಕಾದು ಮೇಲೆ ಬರುತ್ತದೆ, ಅಷ್ಟೇ. ಲಾವಾಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಮುಗಿಸಿದಳು. ಒಟ್ಟಿನಲ್ಲಿ ಜ್ವಾಲಾಮುಖಿ ಪ್ರವಾಸದಲ್ಲಿ ಒಂದೇ ಒಂದು ಜ್ವಾಲಾಮುಖಿ ಇರಲಿಲ್ಲ. ಬ್ಯಾಂಕಿನಲ್ಲಿ ಎಲ್ಲರಿಗೂ ಡಂಗುರ ಸಾರಿ ಬಂದಿದ್ದೆ.

ಸೌಮ್ಯ ಸ್ವಲ್ಪ ಹೊತ್ತು ಕಾಲು ಇಳಿಬಿಟ್ಟು, ನೀರಿನ ಅಂಚಿನಲ್ಲಿ ಕಲ್ಲು ಹುಡುಕಲು ಹೋದಳು. ಮುದುಕಿ ತನ್ನ ಛತ್ರಿಯನ್ನು ಗಿರಿಜಾಳ ತಲೆಯ ಮೇಲೆ ಬರುವಂತೆ ಮರಳಿಗೆ ನೆಟ್ಟು, ತಾನು ದಂಡೆಯ ಮರದ ಕೆಳಗೆ ಹೋಗಿ ಕೂತಳು. ಗಿರಿಜಾ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಗುಂಡಿಯಲ್ಲಿ ಕಾಲಿಟ್ಟು ಕೂತಿದ್ದಳು. ನಾನು ಎದುರು ಕೂತು ನನ್ನ ಕಾಲನ್ನೂ ಇಳಿಬಿಟ್ಟೆ.

"ಯಾವೂರಿಗಿ ಬಂತು?" ಎಂದಳು, ನೀರು ನೋಡುತ್ತಾ.

ಇನ್ನು ಪೀಠಿಕೆಗೆ ಜಾಗವಿರಲಿಲ್ಲ. "ಬಿಜಾಪುರಕ್ಕ," ಎಂದೆ.

ಅವಳು ತಲೆ ಎತ್ತಿದಳು. ಮುಖದಲ್ಲಿ ಒಂದು ಕ್ಷಣ ಬೆಳಕು ಬಂದದ್ದನ್ನು ನಾನು ಕಂಡಿದ್ದೇನೆ. ಅವಳಿಗೂ ಅದು ತವರೂರು ತಾನೇ. ಆಮೇಲೆ ಹುಬ್ಬು ಗಂಟಿಕ್ಕಿತು. ಗಣಿತದ ಟೀಚರಿಗೆ ಉತ್ತರ ಸರಿಯಿದ್ದರೂ ನಡುವಿನ ಹೆಜ್ಜೆ ಬೇಕು.

"ಅವರಾಗಿ ಕೊಟ್ರೋ, ನೀವು ಕೇಳಿದ್ರೋ?"

"ನಾನ ಕೇಳಿದ್ದೆ."

"ಯಾವಾಗ?"

"ಪ್ರತಿ ವರ್ಷ. ಒಂಬತ್ತ ವರ್ಷ ಆತು."

"ಏನ್ ಕಾರಣ ಅಂತ ಬರದಿದ್ರಿ?"

ಸುಳ್ಳು ಹೇಳಬಹುದಿತ್ತು. ಬಿಸಿನೀರಿನಲ್ಲಿ ಕಾಲಿಟ್ಟು ಕೂತವನಿಗೆ ಸುಳ್ಳು ಹೊಳೆಯುವುದಿಲ್ಲ ಎಂದು ತೋರುತ್ತದೆ. "ಕೌಟುಂಬಿಕ ಕಾರಣ ಅಂತ," ಎಂದೆ.

ಗಿರಿಜಾ ನಕ್ಕಳು. ಅದು ನಾನು ಬಯಸಿದ ನಗುವಲ್ಲ. ನಕ್ಕು ಮುಗಿಸಿ, ದನಿ ಏರಿಸದೆ, ಹುಡುಗರಿಗೆ ಲೆಕ್ಕದ ತಪ್ಪು ತೋರಿಸುವ ದನಿಯಲ್ಲಿ ಹೇಳಿದಳು.

"ಒಂಬತ್ತ ವರ್ಷ ಅವರನ್ನ ಕೇಳೀರಿ. ನನ್ನ ಒಮ್ಮಿನೂ ಕೇಳಲಿಲ್ಲ."

ಅಷ್ಟು ಹೇಳಿ ಕಾಲು ಒರೆಸಿಕೊಂಡು ಎದ್ದು, ಮಗಳಿದ್ದ ಕಡೆ ನಡೆದಳು. ನಾನು ಗುಂಡಿಯ ಬಳಿ ಒಬ್ಬನೇ ಕೂತೆ. ಏನಾದರೂ ಸಮಜಾಯಿಷಿ ಇರಬೇಕೆಂದು ಹುಡುಕಿದೆ. ಸಿಗುತ್ತದೆ ಎಂದು ಗೊತ್ತಿರಲಿಲ್ಲ ಎನ್ನಬಹುದು. ಅವಳಿಗೂ ಇಷ್ಟವೇ ಇರುತ್ತದೆ ಎಂದುಕೊಂಡಿದ್ದೆ ಎನ್ನಬಹುದು. ಯಾವುದೂ ನಿಲ್ಲುವಂಥದಲ್ಲ. ಒಂಬತ್ತು ಅರ್ಜಿಗಳಲ್ಲಿ ಕುಟುಂಬದ ಹೆಸರು ಹೇಳಿದ್ದೆ, ಆ ಕುಟುಂಬ ಪಕ್ಕದ ಕೋಣೆಯಲ್ಲೇ ಇತ್ತು, ಎದ್ದು ಹೋಗಿ ಕೇಳಲು ಹತ್ತು ಹೆಜ್ಜೆ ಸಾಕಿತ್ತು. ನನ್ನ ಮೇಲೆ ನನಗೇ ನಾಚಿಕೆಯಾಯಿತು. ತಣ್ಣೀರು ಬೆರೆಸುವವರಿಲ್ಲದೆ ಗುಂಡಿ ಮತ್ತೆ ಕಾದು, ಕಾಲು ತೆಗೆಯಲೇಬೇಕಾಯಿತು.

ವಾಪಸು ಬರುವಾಗ ಗಿರಿಜಾ ಒಂದು ಮಾವಿನ ತೋಪಿನ ಬಳಿ ಬುತ್ತಿ ಬಿಚ್ಚಿ ಎಲ್ಲರಿಗೂ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕೊಟ್ಟಳು. ಸತ್ತಿಬಾಬುಗೆ ರೊಟ್ಟಿ ಹಿಡಿಸಲಾರದೆಂದು ಅವನ ಪಾಲಿಗೆ ಅವರ ಕಡೆಯ ಹುಳಿಯನ್ನ ಪುಳಿಹೋರವನ್ನೂ ತಂದಿದ್ದಳು. ನನಗೆ ಎಂದಿನಂತೆ ಎರಡು ರೊಟ್ಟಿ, ಎಂದಿನಂತೆ ಚಟ್ನಿಯ ಮೇಲೆ ಎಣ್ಣೆ. ಬೈದಿದ್ದರೆ ಊಟ ಇಳಿಯುತ್ತಿತ್ತು. ಸೌಮ್ಯ ನಮ್ಮಿಬ್ಬರ ಮುಖ ನೋಡಿ, ಯಾವೂರು ಎಂದೂ ಕೇಳದೆ, ಹಿಂದಿನ ಸೀಟಿನಲ್ಲಿ ನಿದ್ದೆಹೋದಳು.

ವಿಜಯವಾಡದ ಸ್ಟೇಷನ್ನಿನಲ್ಲಿ ಅವರ ರೈಲು ಬರಲು ಇನ್ನೂ ಹೊತ್ತಿತ್ತು. ಗಿರಿಜಾ ಬೆಂಚಿನ ಮೇಲೆ ಕೂತು, ಉತ್ತರ ಕೊಡಲು ಎಷ್ಟು ದಿನ ಇದೆ ಎಂದು ಕೇಳಿದಳು. ಏಳರಲ್ಲಿ ಮೂರು ಹೋಯಿತು, ನಾಲ್ಕು ಉಳಿದಿವೆ ಎಂದೆ.

"ಹಂಗಾರ ಈಗ ಕೇಳ್ರಿ," ಎಂದಳು.

ಚಹಾ ಮಾರುವವನು ಹಾದುಹೋಗುವವರೆಗೆ ತಡೆದು, ಆ ಜನಜಂಗುಳಿಯಲ್ಲಿ ನಿಂತುಕೊಂಡು ನಾನು ಕೇಳಿದೆ: "ಬಿಜಾಪುರಕ್ಕ ಹೋಗೋಣೇನು?" ಇಪ್ಪತ್ತು ವರ್ಷದ ಹಿಂದೆ ಹೆಣ್ಣು ನೋಡಲು ಹೋದಾಗಲೂ ನಾನು ಹೀಗೆ ಬಾಯಿಬಿಟ್ಟು ಕೇಳಿರಲಿಲ್ಲ. ಆಗ ಕೇಳಿದವರು ನಮ್ಮ ಕಾಕಾ.

"ವಿಚಾರ ಮಾಡಿ ಹೇಳ್ತೀನಿ," ಎಂದಳು. ರೈಲು ಬಂತು, ಹೋದರು.

ಮುಂದಿನ ಮೂರು ದಿನ ನಾನು ಬ್ಯಾಂಕಿನಲ್ಲಿ ಕೂತು ಹೊಸ ವಿದ್ಯೆ ಕಲಿತೆ. ಸಾಲ ಕೇಳಿ ಬಂದವರಿಗೆ 'ಪರಿಶೀಲನೆಯಲ್ಲಿದೆ' ಎಂದು ಎಷ್ಟೋ ಸಲ ಹೇಳಿದ್ದೇನೆ. ಹೇಳಿಸಿಕೊಂಡವನ ಪಾಡು ಏನೆಂದು ಆಗ ತಿಳಿಯಿತು. ಫೋನು ಸದ್ದು ಮಾಡಿದಾಗಲೆಲ್ಲ ಬೆಚ್ಚಿದೆ. ಕ್ವಾರಿಯ ಕರಿಕಲ್ಲನ್ನು ಮೇಜಿನ ಕಾಗದಗಳ ಮೇಲೆ ಇಟ್ಟುಕೊಂಡಿದ್ದೆ. ಬಂದವರು ಇದೇನು ಸಾರ್ ಎಂದರೆ, ನಮ್ಮೂರಿನದು ಎನ್ನುತ್ತಿದ್ದೆ. ದೇವರಪಲ್ಲಿಯ ರೈತನೊಬ್ಬ ಅದನ್ನು ಎತ್ತಿ ನೋಡಿ, ಇದು ನಮ್ಮೂರಿನದು ಎಂದ. ಇಬ್ಬರ ಮಾತೂ ಸರಿಯಾಗಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಗಿರಿಜಾಳ ಫೋನು. ಈ ವರ್ಷ ಬೇಡ ಎಂದಳು. ಸೌಮ್ಯಳ ಎರಡನೇ ವರ್ಷ ಮುಗಿಯಲಿ, ತನ್ನ ಹತ್ತನೇ ತರಗತಿಯ ಹುಡುಗರು ಪಾಸಾಗಲಿ. ಮುಂದಿನ ಸಲ ಅರ್ಜಿ ಬಂದಾಗ ಬ್ಯಾಂಕಿನಲ್ಲಿ ಕೂತು ತುಂಬಬೇಡಿ, ಮನೆಗೆ ತನ್ನಿ. ಇಷ್ಟೇ. ನಾನು ಆಗಲಿ ಎಂದೆ. 'ಒಪ್ಪಿಗೆ ಇಲ್ಲ' ಎಂಬ ಬಟನ್ ಒತ್ತಿದೆ. ಒಂಬತ್ತು ವರ್ಷ ಕೇಳಿದ ಊರನ್ನು ಒಂದು ಬೆರಳಿನಲ್ಲಿ ಬಿಟ್ಟುಕೊಟ್ಟಾಗ ನೋವಾಗಲಿಲ್ಲ ಎಂದರೆ ಅದು ಸುಳ್ಳು. ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ ಹಸಿವಾಯಿತು, ಮಾಡಿದೆ.

ಈ ಫೆಬ್ರವರಿಯಲ್ಲಿ ಹೊಸ ಅರ್ಜಿ ಬಂತು. ಮುದ್ರಿಸಿಕೊಂಡು, ಮಡಚದೆ, ಫೈಲಿನಲ್ಲಿಟ್ಟುಕೊಂಡು ಎಂವಿಪಿ ಕಾಲೋನಿಗೆ ಹೋದೆ. ಸೌಮ್ಯ ಪರೀಕ್ಷೆಗೆ ಓದುತ್ತಿದ್ದಳು. ಮುಂದೆ ಇಲ್ಲಿಯೇ ಭೂವಿಜ್ಞಾನ ಓದುತ್ತೇನೆ ಎಂದು ಆಗಲೇ ತಿಳಿಸಿದ್ದಳು. ಸಂಜೆಯ ಬ್ಯಾಚು ಹೋದಮೇಲೆ ಗಿರಿಜಾ ಕನ್ನಡಕ ಹಾಕಿಕೊಂಡು, ಅರ್ಜಿಯನ್ನು ಉತ್ತರಪತ್ರಿಕೆಯಂತೆ ಮುಂದಿಟ್ಟುಕೊಂಡಳು. ಹೆಸರು, ಹುದ್ದೆ, ಈಗಿರುವ ಊರು ಎಲ್ಲ ನಾನು ತುಂಬಿದ್ದೆ. ಬೇಕಾದ ಊರು ಎಂಬ ಜಾಗ ಮಾತ್ರ ಖಾಲಿ ಬಿಟ್ಟಿದ್ದೆ. ಅವಳು ಪೆನ್ನು ತೆಗೆದುಕೊಂಡು ಅಲ್ಲಿ ದುಂಡಗೆ 'ವಿಶಾಖಪಟ್ಟಣ' ಎಂದು ಬರೆದಳು.

ನಾನು ಅದನ್ನು ಎರಡು ಸಲ ಓದಿದೆ. ಎರಡು ವರ್ಷ ಆಟೋನಗರದ ಕೋಣೆಯಲ್ಲಿ ಒಬ್ಬನೇ ಅನ್ನ ಬೇಯಿಸಿಕೊಂಡು, ಹೆಂಡತಿ ಮಕ್ಕಳಿರುವ ಊರನ್ನು ಬಿಟ್ಟು ಬೇರೆ ಊರನ್ನು ಕೌಟುಂಬಿಕ ಕಾರಣಕ್ಕೆ ಕೇಳುತ್ತಿದ್ದೆನಲ್ಲ, ಈ ಮನೆಗೇ ಬರುತ್ತೇನೆ ಎಂದು ಕೇಳಬಹುದು ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ. ಕೆಳಗಿನ ಸಾಲು 'ಕಾರಣ'. ಅಲ್ಲಿ ಹಳೆಯ ಅಭ್ಯಾಸದಂತೆ 'ಕೌಟುಂಬಿಕ' ಎಂದು ನಾನು ಮೊದಲೇ ಬರೆದುಬಿಟ್ಟಿದ್ದೆ. ನಾಚಿಕೆಯಾಗಿ, ಹೊಡೆದುಹಾಕಲು ಪೆನ್ನು ಕೇಳಿದೆ.

"ಇರ್ಲಿ ಬಿಡ್ರಿ," ಎಂದಳು ಗಿರಿಜಾ. "ಈಗ ಖರೇ ಆತು."

ಆದೇಶ ಇನ್ನೂ ಬಂದಿಲ್ಲ. ಬರಬಹುದು, ಬರದಿರಬಹುದು, ಬ್ಯಾಂಕಿನ ವಿಷಯ ಹೇಳಲಾಗದು. ಬಂದರೆ ಹೇಳಲು ಈ ಸಲ ಅವರನ್ನು ಎಲ್ಲಿಗೂ ಕರೆದೊಯ್ಯಬೇಕಾಗಿಲ್ಲ. ಪೆಟ್ಟಿಗೆ ಹಿಡಿದುಕೊಂಡು ನಾನೇ ಮನೆಗೆ ಹೋದರೆ ಸಾಕು.